ಗೋರಿಕಲ್ಲಿನ ಹೆಸರು, ಹಾಜರಿಪಟ್ಟಿಯ ಹೆಸರು

ಸತ್ತ ಮನುಷ್ಯನ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬರಹಗಳು ಉಳಿದುಕೊಳ್ಳುತ್ತವೆ. ಮೊದಲನೆಯದು, ಅವನ ಮೇಲೆ ಮಮತೆಯಿದ್ದವರು ಕಲ್ಲಿನ ಮೇಲೆ ಕೆತ್ತಿಸಿದ್ದು. ಎರಡನೆಯದು, ಅವನ ಮುಖವನ್ನೇ ಕಂಡರಿಯದ ಯಾವನೋ ಗುಮಾಸ್ತ ಕಾಗದದ ಮೇಲೆ ಬರೆದಿಟ್ಟದ್ದು. ಮೊದಲನೆಯದರಲ್ಲಿ ಪ್ರೀತಿಯಿರುತ್ತದೆ, ವಿವರ ಕಡಿಮೆ. ಎರಡನೆಯದರಲ್ಲಿ ವಿವರವಿರುತ್ತದೆ, ಪ್ರೀತಿಯ ಸುಳಿವಿಲ್ಲ. ಇವೆರಡನ್ನೂ ಎದುರುಬದುರಾಗಿಟ್ಟು ಓದಿದಾಗ ಏನಾಗುತ್ತದೆ ಎಂಬುದನ್ನು, ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಒಬ್ಬ ಸಾಮಾನ್ಯ ಸಿಪಾಯಿಯ ನಿದರ್ಶನದಿಂದ ವಿವರಿಸಬೇಕೆಂಬುದು ನನ್ನ ಉದ್ದೇಶ.

ಆ ಯುದ್ಧದ ಸ್ಥೂಲವಾದ ಕಥೆ ತಮಗೆ ತಿಳಿದದ್ದೇ. ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಬೇರೆಯಾಗಿ ಕಾನ್ಫೆಡರಸಿ ಎಂಬ ತಮ್ಮದೇ ಸರ್ಕಾರವನ್ನು ಕಟ್ಟಿಕೊಂಡವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು; 1865ರ ಏಪ್ರಿಲ್ 9ರಂದು ಸೇನಾಪತಿ ಲೀ ಶರಣಾದ. ನಡುವಣ ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸಿಪಾಯಿಗಳು ಸತ್ತರು. ಹೋರಾಟ ಯಾವುದಕ್ಕಾಗಿ ಎಂಬ ಪ್ರಶ್ನೆಗೆ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀವನ್ಸ್ 1861ರ ಮಾರ್ಚ್ 21ರಂದು ಸವಾನ್ನಾ ನಗರದಲ್ಲಿ ಮಾಡಿದ ಭಾಷಣದಲ್ಲಿಯೇ ಉತ್ತರವಿದೆ: ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ ಎಂಬ ನಂಬಿಕೆಯೇ ಹೊಸ ಸರ್ಕಾರದ ಮೂಲೆಗಲ್ಲು ಎಂದು ಅವನು ಮುಚ್ಚುಮರೆಯಿಲ್ಲದೆ ಸಾರಿದ. ಯುದ್ಧ ಸೋತ ಮೇಲೆ ಮಾತ್ರ, ಗುಲಾಮಗಿರಿಯ ಮಾತನ್ನು ಹಿಂದಕ್ಕೆ ಸರಿಸಿ ಶೌರ್ಯ, ನಾಡಪ್ರೇಮ, ರಾಜ್ಯಗಳ ಹಕ್ಕುಗಳ ಮಾತನ್ನು ಮುಂದಿಟ್ಟ ಬರವಣಿಗೆ ಹೇರಳವಾಗಿ ಬೆಳೆಯಿತು. ನಮ್ಮ ಕಡೆಗೂ ಈ ಯುದ್ಧದ ಬಿಸಿ ತಟ್ಟದೆ ಇರಲಿಲ್ಲ. ದಕ್ಷಿಣದ ಬಂದರುಗಳು ಮುಚ್ಚಿ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು. ನಮ್ಮ ರೈತನ ಕಣಜವನ್ನು ತುಂಬಿಸಿ ಬರಿದು ಮಾಡಿದ ಯುದ್ಧ ನಮಗೆ ಪೂರ್ತಿ ಪರಕೀಯವಾದುದೆಂದು ಹೇಗೆ ಹೇಳೋಣ?

ಕೆಲವು ವರ್ಷ ನಾನು ನ್ಯೂಯಾರ್ಕ್ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಎಲ್ಮೈರಾ ಎಂಬ ಊರಿನ ಸಮೀಪದಲ್ಲಿದ್ದೆ. ನಮ್ಮ ನೆರೆಮನೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದ ಒಬ್ಬ ವೃದ್ಧೆಯಿದ್ದರು. ಉತ್ತರ ಕೆರೊಲಿನಾದ ರೈತ ಮನೆತನದವರು. ಅವರ ಮುತ್ತಜ್ಜ ಮತ್ತು ಮುತ್ತಜ್ಜನ ಅಣ್ಣ ಇಬ್ಬರೂ ಕಾನ್ಫೆಡರೇಟ್ ಸಿಪಾಯಿಗಳು. ತಮ್ಮ ಮನೆಗೆ ಮರಳಿದ, ಅಣ್ಣ ಮರಳಲಿಲ್ಲ. 1863ರ ಜುಲೈ ತಿಂಗಳಲ್ಲಿ ಗೆಟಿಸ್‌ಬರ್ಗ್ ರಣರಂಗದಲ್ಲಿ ಬಾವುಟ ಹಿಡಿದು ಮುನ್ನುಗ್ಗುವಾಗ ಅವನು ಬಿದ್ದನೆಂದು ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. ಸಾಯುವ ಮುನ್ನ ಅವನ ಗೋರಿಯನ್ನು ಒಮ್ಮೆ ನೋಡಬೇಕೆಂಬುದು ಆ ತಾಯಿಯ ಆಸೆ. ಹಳೆಯ ಕಾಗದಪತ್ರಗಳಲ್ಲಿ ನನಗಿದ್ದ ಚಪಲವನ್ನು ಬಲ್ಲವರಾದುದರಿಂದ ಅವರು ನನ್ನನ್ನೂ ಜೊತೆಗೆ ಕರೆದುಕೊಂಡರು.

ಸೋತ ಸರ್ಕಾರವೊಂದರ ಕಾಗದಗಳು ಉಳಿದದ್ದೇ ಒಂದು ಸೋಜಿಗ. 1865ರ ಏಪ್ರಿಲ್ 2ರ ರಾತ್ರಿ ಕಾನ್ಫೆಡರೇಟರು ರಾಜಧಾನಿ ರಿಚ್‌ಮಂಡನ್ನು ಬಿಟ್ಟು ಓಡಿದಾಗ ನಗರಕ್ಕೆ ಬೆಂಕಿ ಬಿತ್ತು. ಎಷ್ಟೋ ಕಡತಗಳು ಬೂದಿಯಾದುವು. ಅಳಿದುಳಿದವನ್ನು ಸೈನ್ಯದ ಹಿರಿಯ ಅಧಿಕಾರಿ ಸ್ಯಾಮ್ಯುಯೆಲ್ ಕೂಪರ್ ಉತ್ತರ ಕೆರೊಲಿನಾದ ಶಾರ್ಲಟ್ ಪಟ್ಟಣದವರೆಗೆ ಸಾಗಿಸಿ, ಕೊನೆಗೆ ಸುಡದೆ ಗೆದ್ದವರ ಕೈಗೆ ಒಪ್ಪಿಸಿದ. ಅವು ವಾಷಿಂಗ್‌ಟನ್ ಸೇರಿದುವು. 1903ರಲ್ಲಿ ಯುದ್ಧ ಇಲಾಖೆಯ ಗುಮಾಸ್ತರು ಈ ರಾಶಿಯನ್ನು ಬಿಡಿಸಲು ಕುಳಿತರು. ಹಾಜರಿಪಟ್ಟಿ, ಸಂಬಳದ ಪಟ್ಟಿ, ಆಸ್ಪತ್ರೆಯ ದಾಖಲೆ, ಸೆರೆಶಿಬಿರದ ಪುಸ್ತಕ - ಇವುಗಳಲ್ಲಿ ಒಬ್ಬ ಸಿಪಾಯಿಯ ಹೆಸರು ಬಂದಲ್ಲೆಲ್ಲ ಅದನ್ನು ಒಂದೊಂದು ಚೀಟಿಯ ಮೇಲೆ ನಕಲು ಮಾಡಿ, ಅವನ ಚೀಟಿಗಳನ್ನೆಲ್ಲ ಒಂದು ಲಕೋಟೆಯಲ್ಲಿ ಸೇರಿಸಿದರು. ಕೆಲಸ ಮುಗಿದದ್ದು 1927ರಲ್ಲಿ. ಈ ಲಕೋಟೆಯೇ ಇಂದು ಸಿಪಾಯಿಯ ಸೇವಾ ದಾಖಲೆ. ಮೂಲವು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಛಾಯಾಪ್ರತಿಯನ್ನು ಈಗ ಗಣಕಯಂತ್ರದ ಪರದೆಯ ಮೇಲೆ ಮನೆಯಲ್ಲೇ ಕುಳಿತು ನೋಡಬಹುದು.

ಆದರೆ ಹೆಸರೊಂದನ್ನೇ ಹಿಡಿದು ಹೊರಟವನು ದಾರಿ ತಪ್ಪುತ್ತಾನೆ. ಒಂದೇ ಹೆಸರಿನವರು ಒಂದೇ ರಾಜ್ಯದಲ್ಲಿ ಹತ್ತಾರು ಮಂದಿ. ಅಕ್ಷರ ಬಾರದ ಸಿಪಾಯಿ ಬಾಯಲ್ಲಿ ಹೇಳಿದ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಮುಂದಿನ ಪಟ್ಟಿಯ ಗುಮಾಸ್ತನ ಕಿವಿ ಬೇರೆ. ರೆಜಿಮೆಂಟು ಬದಲಾಯಿಸಿದವನಿಗೆ ಎರಡು ಲಕೋಟೆಗಳಿರುವುದೂ ಉಂಟು. ಆದುದರಿಂದ ಮೊದಲು ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಹುಟ್ಟು ಸಾವುಗಳನ್ನೂ 1860ರ ಜನಗಣತಿಯನ್ನೂ ನೋಡಿ ಅವನ ಜಿಲ್ಲೆ, ವಯಸ್ಸು, ಅಣ್ಣತಮ್ಮಂದಿರನ್ನು ಗೊತ್ತುಮಾಡಿಕೊಳ್ಳಬೇಕು. ಆ ಕಾಲದಲ್ಲಿ ಒಂದು ಊರಿನ ಹುಡುಗರು ಸಾಮಾನ್ಯವಾಗಿ ಒಂದೇ ತುಕಡಿಗೆ ಸೇರುತ್ತಿದ್ದರು. ಅಣ್ಣತಮ್ಮಂದಿರ ಹೆಸರುಗಳು ಒಂದೇ ತುಕಡಿಯ ಪಟ್ಟಿಯಲ್ಲಿ ಜೊತೆಯಾಗಿ ಸಿಕ್ಕಿದಾಗ ನಾವು ಹುಡುಕುತ್ತಿದ್ದವನು ಇವನೇ ಎಂದು ಖಾತ್ರಿಯಾಯಿತು.

ಲಕೋಟೆಯಲ್ಲಿ ಹದಿನೇಳು ಚೀಟಿಗಳಿದ್ದುವು. ಸೈನ್ಯಕ್ಕೆ ಸೇರಿದ್ದು 1862ರ ಮೇ ತಿಂಗಳ ಮೊದಲ ವಾರದಲ್ಲಿ. ದಾಖಲೆ ಹೇಳುವುದು ಇಷ್ಟೆ. ಆದರೆ ಹದಿನೆಂಟರಿಂದ ಮೂವತ್ತೈದು ವರ್ಷದ ಬಿಳಿಯ ಗಂಡಸರನ್ನು ಬಲವಂತವಾಗಿ ಸೈನ್ಯಕ್ಕೆ ಎಳೆಯುವ ಕಾನೂನು ಜಾರಿಗೆ ಬಂದದ್ದು ಅದೇ ಏಪ್ರಿಲ್ 16ರಂದು. ಮೊದಲ ವರ್ಷ ಮನೆಯಲ್ಲೇ ಇದ್ದವನು ಕಾನೂನು ಬಂದ ಮೂರು ವಾರದೊಳಗೆ ಸೇರಿದನೆಂದರೆ ಅದು ಉತ್ಸಾಹವೋ ಅನಿವಾರ್ಯವೋ? ದಾಖಲೆ ಬಾಯಿಬಿಡುವುದಿಲ್ಲ, ನಾವು ದಿನಾಂಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಸುಮ್ಮನಿರಬೇಕು. ಆಮೇಲೆ ಎರಡೆರಡು ತಿಂಗಳ ಹಾಜರಿ. ಹಾಜರು, ಹಾಜರು, ಹಾಜರು. 1863ರ ಜೂನ್, ಜುಲೈಗಳ ಚೀಟಿ ಮಾತ್ರ ಬೇರೆ ಬಗೆಯದು: ವಿಷಮಜ್ವರದಿಂದ ರಿಚ್‌ಮಂಡ್ ನಗರದ ಚಿಂಬೊರಾಜೊ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಗೆಟಿಸ್‌ಬರ್ಗಿನಲ್ಲಿ ಫಿರಂಗಿಗಳು ಗರ್ಜಿಸಿದ ಆ ಮೂರು ದಿನಗಳಲ್ಲಿ ಅವನು ಆಸ್ಪತ್ರೆಯ ಹಾಸಿಗೆಯಲ್ಲಿದ್ದ.

ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಚೀಟಿಯಲ್ಲಿ ಮೂರೇ ಮಾತು: ರಜೆಯಿಲ್ಲದೆ ಗೈರುಹಾಜರು. ಮುಂದಿನ ಚೀಟಿಯಲ್ಲಿ ಮತ್ತೆ ಹಾಜರು. ಗೈರಾದ ದಿನಗಳ ಸಂಬಳ ಕಡಿತ. ಅದು ಫಸಲು ಮನೆಗೆ ಬರುವ ಕಾಲ. ಗಂಡಸರಿಲ್ಲದ ಹೊಲಮನೆಗಳಿಂದ, ಮಕ್ಕಳು ಹಸಿದಿದ್ದಾರೆ ಬಾ ಎಂದು ಕಾಗದಗಳು ಬರುತ್ತಿದ್ದ ಕಾಲ. ಓಡಿಹೋದವನಿಗೆ ಗುಂಡಿನ ಶಿಕ್ಷೆಯಾಗಬಹುದಾಗಿತ್ತು. ಹೀಗಿದ್ದೂ ಉತ್ತರ ಕೆರೊಲಿನಾದಿಂದ ಸಾವಿರಾರು ಮಂದಿ ಹೋದರು, ಹಲವರು ಹಿಂದಿರುಗಿದರು. ಈ ಚೀಟಿಯನ್ನು ಓದಿದಾಗ ಆ ತಾಯಿಯ ಮುಖ ಸ್ವಲ್ಪ ಬಾಡಿತು. ತುಸು ಹೊತ್ತಿನ ಮೇಲೆ ಅವರೇ, ಮನೆಯವರು ಹೇಳುತ್ತಿದ್ದ ಬಾವುಟದ ವೀರನಿಗಿಂತ ಇವನು ತನಗೆ ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ ಎಂದರು.

ಕೊನೆಯ ಚೀಟಿಗಳು ಸೆರೆಯವು. 1864ರ ಮೇ 12ರಂದು ಸ್ಪಾಟ್‌ಸಿಲ್ವೇನಿಯಾದಲ್ಲಿ ಸೆರೆಸಿಕ್ಕಿದ. ಮೇರಿಲೆಂಡಿನ ಪಾಯಿಂಟ್ ಲುಕ್‌ಔಟ್ ಶಿಬಿರಕ್ಕೆ, ಅಲ್ಲಿಂದ ಆಗಸ್ಟ್ ತಿಂಗಳಲ್ಲಿ ಎಲ್ಮೈರಾಕ್ಕೆ. 1865ರ ಫೆಬ್ರವರಿಯಲ್ಲಿ ನ್ಯುಮೋನಿಯಾದಿಂದ ಮರಣ. ಆ ತಾಯಿ ಹುಡುಕುತ್ತಿದ್ದ ಗೋರಿ ಅವರ ಮನೆಯಿಂದ ಕೆಲವೇ ಮೈಲಿಗಳಾಚೆ ಇತ್ತು!

ಚೆಮಂಗ್ ನದಿಯ ದಡದಲ್ಲಿದ್ದ ಎಲ್ಮೈರಾ ಸೆರೆಶಿಬಿರ ನಡೆದದ್ದು 1864ರ ಜುಲೈಯಿಂದ ಸುಮಾರು ಒಂದು ವರ್ಷ. ಅಷ್ಟರಲ್ಲಿ ಅಲ್ಲಿಗೆ ಬಂದ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಸೆರೆಯಾಳುಗಳಲ್ಲಿ ಸುಮಾರು ಮೂರು ಸಾವಿರ ಮಂದಿ ಅತಿಸಾರ, ಸಿಡುಬು, ನ್ಯುಮೋನಿಯಾಗಳಿಂದ ಸತ್ತರು. ಕೊಳೆತ ನೀರಿನ ಕೊಳ, ಸಾಲದ ಆಹಾರ, ದಕ್ಷಿಣದವರು ಕಂಡರಿಯದ ಹಿಮ. ಕ್ರೌರ್ಯ ಒಂದೇ ಪಕ್ಷದ ಸೊತ್ತಾಗಿರಲಿಲ್ಲ. ಜಾರ್ಜಿಯಾದ ಆಂಡರ್ಸನ್‌ವಿಲ್ ಶಿಬಿರದಲ್ಲಿ ಕಾನ್ಫೆಡರೇಟರ ಕೈಕೆಳಗೆ ಸತ್ತ ಒಕ್ಕೂಟದ ಸೆರೆಯಾಳುಗಳು ಸುಮಾರು ಹದಿಮೂರು ಸಾವಿರ.

ಎಲ್ಮೈರಾದ ಹೆಣಗಳನ್ನು ಹೂಳಿದವನು ಜಾನ್ ಡಬ್ಲ್ಯೂ. ಜೋನ್ಸ್. ಈ ಹೆಸರನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು 1817ರಲ್ಲಿ ವರ್ಜೀನಿಯಾದ ಲೀಸ್‌ಬರ್ಗಿನ ಬಳಿಯ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿದ. 1844ರಲ್ಲಿ ತಪ್ಪಿಸಿಕೊಂಡು ಸುಮಾರು ಮುನ್ನೂರು ಮೈಲಿ ನಡೆದು ಎಲ್ಮೈರಾಕ್ಕೆ ಬಂದ. ತನ್ನಂತೆಯೇ ಓಡಿಬಂದ ನೂರಾರು ಮಂದಿಯನ್ನು ಅಡಗಿಸಿ ಉತ್ತರಕ್ಕೆ ದಾಟಿಸಿದ. ಊರಿನ ವುಡ್‌ಲಾನ್ ಸ್ಮಶಾನದ ಮೇಲ್ವಿಚಾರಣೆ ಅವನದಾಗಿತ್ತು. ಸೆರೆಯಾಳುಗಳು ಸಾಯತೊಡಗಿದಾಗ, ಒಂದು ಹೆಣಕ್ಕೆ ಎರಡೂವರೆ ಡಾಲರಿನಂತೆ ಅವರನ್ನು ಹೂಳುವ ಕೆಲಸ ಅವನಿಗೆ ಬಂತು. ತನ್ನನ್ನು ಗುಲಾಮನಾಗಿ ಉಳಿಸಬೇಕೆಂದು ಹೊಡೆದಾಡಿದ ಪಕ್ಷದವರು ಇವರು! ಲೆಕ್ಕಕ್ಕೆ ಗುಂಡಿ ತೋಡಿ ಮಣ್ಣೆಳೆದಿದ್ದರೆ ಕೇಳುವವರಾರೂ ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಒಬ್ಬೊಬ್ಬನ ಹೆಸರು, ತುಕಡಿ, ರೆಜಿಮೆಂಟು, ಸತ್ತ ದಿನ, ಗೋರಿಯ ಸಂಖ್ಯೆಗಳನ್ನು ಬರೆದಿಟ್ಟ. ಪ್ರತಿಯೊಂದು ಗೋರಿಯ ತಲೆಯ ಬಳಿ ಹೆಸರಿನ ಹಲಗೆಯನ್ನು ನೆಡಿಸಿದ. 2,973 ಗೋರಿಗಳಲ್ಲಿ ಗುರುತು ಸಿಗದವರು ಏಳೇ ಮಂದಿ. ಯುದ್ಧ ಮುಗಿದ ಮೇಲೆ ತಮ್ಮವರ ಎಲುಬುಗಳನ್ನು ಒಯ್ಯಲು ಬಂದ ದಕ್ಷಿಣದ ಕುಟುಂಬಗಳಲ್ಲಿ ಹಲವರು, ಈ ಗೋರಿಗಳ ಓರಣವನ್ನು ಕಂಡು, ಇಲ್ಲಿಯೇ ಇರಲಿ ಎಂದು ಹಿಂದಿರುಗಿದರೆಂದು ಹೇಳುತ್ತಾರೆ. 1906ರಲ್ಲಿ ಉತ್ತರದ ಸೆರೆಶಿಬಿರಗಳಲ್ಲಿ ಸತ್ತ ಕಾನ್ಫೆಡರೇಟರ ಗೋರಿಗಳಿಗೆ ಗುರುತು ಹಾಕಿಸಲು ಅಮೆರಿಕದ ಸಂಸತ್ತು ಕಾನೂನು ಮಾಡಿತು. ಮರುವರ್ಷ ಹಲಗೆಗಳ ಜಾಗದಲ್ಲಿ ಅಮೃತಶಿಲೆಯ ಕಲ್ಲುಗಳು ಬಂದುವು. ಆ ಕಲ್ಲುಗಳ ಮೇಲೆ ಕೆತ್ತಿದ ಪ್ರತಿಯೊಂದು ಹೆಸರೂ ಜೋನ್ಸನ ಪುಸ್ತಕದ ಋಣ.

ಸಾಹಿತ್ಯಾಸಕ್ತರಿಗೆ ಇನ್ನೊಂದು ಮಾತು. ಅದೇ ವುಡ್‌ಲಾನ್ ಸ್ಮಶಾನದಲ್ಲಿ ಮಾರ್ಕ್ ಟ್ವೇನನ ಸಮಾಧಿಯೂ ಇದೆ. ಎಲ್ಮೈರಾ ಅವನ ಹೆಂಡತಿಯ ತವರು. ಗುಲಾಮಗಿರಿಯಿಂದ ಓಡುವ ಜಿಮ್ ಎಂಬವನ ಕಥೆಯಿರುವ ‘ಹಕಲ್‌ಬರಿ ಫಿನ್’ ಕಾದಂಬರಿಯ ಬಹುಭಾಗವನ್ನು ಅವನು ಬರೆದದ್ದು ಆ ಊರಿನ ಗುಡ್ಡದ ಮೇಲಿನ ತೋಟದ ಮನೆಯಲ್ಲಿ. 1861ರಲ್ಲಿ ಎರಡು ವಾರ ಮಿಸೂರಿ ರಾಜ್ಯದಲ್ಲಿ ದಕ್ಷಿಣದ ಪಕ್ಷದ ಸ್ವಯಂಸೇವಕರ ಜೊತೆ ತಿರುಗಿ ಕೈಬಿಟ್ಟು ಬಂದವನೂ ಅವನೇ. 1885ರಲ್ಲಿ ಅದರ ಕಥೆಯನ್ನು ನಗೆಯೊಂದಿಗೂ ನಡುಕದೊಂದಿಗೂ ಬರೆದ.

ಇಷ್ಟಕ್ಕೆ ಹುಡುಕಾಟ ಮುಗಿಯಬಹುದಾಗಿತ್ತು. ತಮ್ಮವರು ಬಡ ರೈತರು, ಗುಲಾಮಗಿರಿಗೂ ತಮಗೂ ಸಂಬಂಧವಿರಲಿಲ್ಲವೆಂದು ಆ ತಾಯಿ ಚಿಕ್ಕಂದಿನಿಂದ ಕೇಳಿದ್ದರು. ಆದರೆ 1850 ಮತ್ತು 1860ರ ಜನಗಣತಿಗಳಿಗೆ ಗುಲಾಮರ ಪಟ್ಟಿ ಎಂಬ ಪ್ರತ್ಯೇಕ ಪುಸ್ತಕವುಂಟು. ಅದನ್ನೂ ನೋಡಿಬಿಡೋಣ ಎಂದವರು ಅವರೇ. ಅದರಲ್ಲಿ ಯಜಮಾನನ ಹೆಸರಿರುತ್ತದೆ. ಅದರ ಎದುರಿಗೆ ಅವನ ಸ್ವತ್ತಾದ ಮನುಷ್ಯರ ವಯಸ್ಸು, ಲಿಂಗ, ಬಣ್ಣ. ಹೆಸರಿಗೆ ಅಂಕಣವೇ ಇಲ್ಲ. ಸಿಪಾಯಿಯ ತಂದೆಯ ಹೆಸರಿನೆದುರು ಮೂರು ಸಾಲುಗಳಿದ್ದುವು. ಹೆಂಗಸು, 34. ಹುಡುಗ, 12. ಹುಡುಗಿ, 5.

ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮನೆತನದ ಮಗನ ಹೆಸರನ್ನು ಗುಲಾಮನಾಗಿ ಹುಟ್ಟಿದವನೊಬ್ಬ ಒಂದು ಅಕ್ಷರವೂ ಕಳೆಯದಂತೆ ಕಾದಿಟ್ಟಿದ್ದ. ಆ ಮನೆಯಲ್ಲಿ ದುಡಿದ ಮೂವರ ಹೆಸರನ್ನು ಅವರ ಮನೆಯವರಾಗಲಿ ಸರ್ಕಾರವಾಗಲಿ ಬರೆದಿಡಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರುಗಳು ಜನಗಣತಿಯಲ್ಲಿ ಕಾಣಿಸಿಕೊಳ್ಳುವುದು 1870ರಲ್ಲಿ. ಆ ಜಿಲ್ಲೆಯ 1870ರ ಪುಟಗಳಲ್ಲಿ ವಯಸ್ಸು ಹೊಂದುವ ಹೆಂಗಸರು ಕೆಲವರು ಸಿಕ್ಕಿದರು. ಇವರೇ ಎನ್ನಲು ಆಧಾರ ಸಿಗಲಿಲ್ಲ. ಊಹೆಯನ್ನು ಹೆಸರೆಂದು ಬರೆಯಬಾರದು ಎಂದು ಆ ತಾಯಿ ಹಟ ಹಿಡಿದರು. ನನಗೂ ಅದೇ ಸರಿಯೆನಿಸಿತು.

ಇನ್ನು ಗೋರಿಯ ಆರೈಕೆಯ ವಿಚಾರ. ಎಲ್ಮೈರಾದ ಗೋರಿಗಳನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಲ್ಲಿ ನಾವು ಮಾಡಬಹುದಾದದ್ದು ಹೂವಿಟ್ಟು ನಿಲ್ಲುವುದಷ್ಟೆ. ತಮ್ಮನ ಗೋರಿ ಉತ್ತರ ಕೆರೊಲಿನಾದಲ್ಲಿ, ಹೊಲದ ಅಂಚಿನ ಮನೆತನದ ಸ್ಮಶಾನದಲ್ಲಿದೆ. ಅವನು 1901ರ ಕಾನೂನಿನ ಪ್ರಕಾರ ರಾಜ್ಯಸರ್ಕಾರಕ್ಕೆ ಕೊಟ್ಟ ಪಿಂಚಣಿಯ ಅರ್ಜಿ ರಾಲಿ ನಗರದ ಪತ್ರಾಗಾರದಲ್ಲಿ ಸಿಕ್ಕಿತು. ಕಾನ್ಫೆಡರೇಟ್ ಸಿಪಾಯಿಗಳಿಗೆ ಪಿಂಚಣಿ ಕೊಡುತ್ತಿದ್ದುದು ಕೇಂದ್ರ ಸರ್ಕಾರವಲ್ಲ, ಅವರು ವಾಸವಾಗಿದ್ದ ದಕ್ಷಿಣದ ರಾಜ್ಯಗಳು. ಬಡತನವನ್ನೂ ಗಾಯವನ್ನೂ ವಿವರಿಸಿದ ಆ ಅರ್ಜಿಯ ಕೆಳಗೆ ಸಹಿಯ ಬದಲು ಒಂದು ಗುಣಾಕಾರದ ಗುರುತು. ಗೋರಿಯ ಕಲ್ಲು ಅವನ ಮಗ ತರಿಸಿದ್ದು. 1929ರ ಕಾನೂನಿನಿಂದ ಖಾಸಗಿ ಸ್ಮಶಾನದ ಕಾನ್ಫೆಡರೇಟ್ ಗೋರಿಗಳಿಗೂ ಸರ್ಕಾರದ ಕಲ್ಲು ಸಿಗುವಂತಾಯಿತು. ಅದಕ್ಕೆ ಸೇವಾ ದಾಖಲೆಯ ಆಧಾರ ಬೇಕಾಗಿತ್ತು. ಈ ಕಲ್ಲುಗಳ ನೆತ್ತಿ ಚೂಪು. ಉತ್ತರದವರು ಮೇಲೆ ಕೂರದಿರಲೆಂದು ಹೀಗೆ ಮಾಡಿದರಂತೆ ಎಂದು ಅಲ್ಲಿಯ ಜನ ನಗುತ್ತಾ ಹೇಳುತ್ತಾರೆ.

ಕಲ್ಲು ಕಪ್ಪಾಗಿ ಕಲ್ಲುಹೂವು ಕಟ್ಟಿತ್ತು. ಹುಣಿಸೆಹುಳಿ ಹಾಕಿ ತಾಮ್ರದ ಪಾತ್ರೆಯನ್ನು ಬೆಳಗುವ ಅಭ್ಯಾಸದ ನಮಗೆ ಗಸಗಸ ಉಜ್ಜಬೇಕೆನಿಸುವುದು ಸಹಜ. ಅದು ಸಲ್ಲದು. ಅಮೃತಶಿಲೆ ಸುಣ್ಣದ ಕಲ್ಲಿನ ಜಾತಿಯದು; ಹುಳಿ ಸೋಕಿದರೆ ಕರಗುತ್ತದೆ. ಬಟ್ಟೆಯ ಕಲೆ ತೆಗೆಯುವ ಬ್ಲೀಚು ಒಳಗೆ ಉಪ್ಪಾಗಿ ನಿಂತು, ಹರಳುಗಟ್ಟಿ ಕಲ್ಲನ್ನು ಸಿಡಿಸುತ್ತದೆ. ತಂತಿಯ ಬ್ರಷ್ಷು ಮತ್ತು ರಭಸದ ನೀರಿನ ಯಂತ್ರ, ಕೊಳೆಯೊಂದಿಗೆ ಅಕ್ಷರಗಳನ್ನೂ ತೆಗೆದುಬಿಡುತ್ತವೆ. ಮೊದಲು ಕಲ್ಲು ಅಲುಗಾಡುತ್ತದೆಯೇ, ಪುಡಿ ಉದುರುತ್ತದೆಯೇ ಎಂದು ನೋಡಬೇಕು. ಹಾಗಿದ್ದರೆ ಮುಟ್ಟದಿರುವುದೇ ಆರೈಕೆ. ಗಟ್ಟಿಯಾಗಿದ್ದರೆ ಶುದ್ಧವಾದ ನೀರಿನಿಂದ ಚೆನ್ನಾಗಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಹೊರಟರೆ ಕೊಳೆಯ ನೀರು ಒಣ ಕಲ್ಲಿನ ಮೇಲೆ ಇಳಿದು ಕಲೆ ಕಟ್ಟುತ್ತದೆ. ನೀರು ಹಾಕುವುದನ್ನು ನಿಲ್ಲಿಸಬಾರದು. ಕಲ್ಲುಹೂವನ್ನು ನೆನೆದ ಮೇಲೆ ಮರದ ಚಕ್ಕೆಯಿಂದ ಮೆಲ್ಲನೆ ಎಬ್ಬಿಸಬೇಕು. ಮುರಿದ ಕಲ್ಲಿಗೆ ಸಿಮೆಂಟು ಮೆತ್ತಬಾರದು. ಅದು ಕಲ್ಲಿಗಿಂತ ಗಡುಸಾದುದರಿಂದ ಕಲ್ಲೇ ಸೀಳುತ್ತದೆ. ಹಳೆಯ ಸುಣ್ಣದ ಗಾರೆಯೇ ಲೇಸು. ಮಾಸಿದ ಅಕ್ಷರವನ್ನು ಓದಲು ಸೀಮೆಸುಣ್ಣ ಬಳಿಯುವುದು ಬೇಡ; ಒಂದು ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬೀಳಿಸಿದರೆ ಸಾಕು, ನೆರಳೇ ಅಕ್ಷರವನ್ನು ತೋರಿಸುತ್ತದೆ. ಕಲ್ಲನ್ನು ಹೊಸದಾಗಿ ಕಾಣಿಸುವುದು ಗುರಿಯಲ್ಲ. ಇನ್ನೂ ನೂರು ವರ್ಷ ಓದಲು ಬರುವಂತೆ ಮಾಡುವುದು ಗುರಿ.

ಆ ಸ್ಮಶಾನದ ಬೇಲಿಯ ಆಚೆ, ನಿತ್ಯಹಸುರಿನ ಬಳ್ಳಿಯ ಕೆಳಗೆ, ನೆಲ ಅಲ್ಲಲ್ಲಿ ಉದ್ದಕ್ಕೆ ತಗ್ಗಾಗಿತ್ತು. ತಗ್ಗುಗಳ ತಲೆಯಲ್ಲಿ ಹೊಲದಿಂದ ಆರಿಸಿ ತಂದ ಕಾಡುಗಲ್ಲುಗಳು. ಅಕ್ಷರವಿಲ್ಲ. ದಕ್ಷಿಣದಲ್ಲಿ ಗುಲಾಮರ ಗೋರಿಗಳ ಗುರುತು ಬಹಳ ಕಡೆ ಇಷ್ಟೇ. ಗೊತ್ತಿಲ್ಲದವರು ಹೊಲ ಶುಚಿ ಮಾಡುವಾಗ ಈ ಕಲ್ಲುಗಳನ್ನು ಎತ್ತಿ ಬದುವಿಗೆ ಹಾಕುತ್ತಾರೆ. ಅಲ್ಲಿಗೆ ಗೋರಿಯೇ ಅಳಿಯಿತು. ನಾವು ಒಂದು ಕಲ್ಲನ್ನೂ ಕದಲಿಸಲಿಲ್ಲ. ಮುಳ್ಳುಕಂಟಿಗಳನ್ನು ಕೈಯಿಂದ ಕಡಿದು, ಬೇಲಿಯಿಂದ ಪ್ರತಿಯೊಂದಕ್ಕೆ ಇರುವ ದೂರವನ್ನು ಅಳೆದು, ನಕ್ಷೆ ಬರೆದೆವು. ಒಂಬತ್ತು ಗೋರಿಗಳು. ನಕ್ಷೆಯ ಒಂದು ಪ್ರತಿ ಜಿಲ್ಲೆಯ ಭೂದಾಖಲೆಯ ಕಛೇರಿಗೆ ಹೋಯಿತು. ಮುಂದೆ ಆ ಜಮೀನು ಯಾರ ಕೈಗೆ ಹೋದರೂ ಅಲ್ಲಿ ಮನುಷ್ಯರು ಮಲಗಿದ್ದಾರೆಂಬುದು ತಿಳಿದಿರಲೆಂದು.

ತಮ್ಮನ ಗೋರಿಯ ಮೇಲೆ ಯಾರೋ ಕಾನ್ಫೆಡರಸಿಯ ರಣಬಾವುಟವನ್ನು ಚುಚ್ಚಿ ಹೋಗಿದ್ದರು. ಆ ತಾಯಿ ಅದನ್ನು ಮೆಲ್ಲಗೆ ಕಿತ್ತು ಮಡಿಸಿ ಪಕ್ಕಕ್ಕಿಟ್ಟರು. ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ಕಾನ್ಫೆಡರೇಟ್ ನಾಯಕರ ಪ್ರತಿಮೆಗಳನ್ನು ಇಳಿಸಿದ ಸುದ್ದಿಯನ್ನು ತಾವು ಓದಿರಬಹುದು. ರಿಚ್‌ಮಂಡಿನ ಭಾರಿ ಲೀ ಪ್ರತಿಮೆ ಇಳಿದದ್ದು 2021ರ ಸೆಪ್ಟೆಂಬರಿನಲ್ಲಿ. ಪ್ರತಿಮೆ ಬೇರೆ, ಗೋರಿ ಬೇರೆ. ನಡುಬೀದಿಯಲ್ಲಿ ಎತ್ತರದ ಪೀಠದ ಮೇಲೆ ನಿಂತ ಪ್ರತಿಮೆ, ಇವನಂತಾಗಿ ಎಂದು ದಾರಿಹೋಕರಿಗೆ ಹೇಳುತ್ತದೆ. ಗೋರಿ, ಇಲ್ಲಿ ಇಂಥವನಿದ್ದಾನೆ ಎಂದಷ್ಟೇ ಹೇಳುತ್ತದೆ. ಆ ಮಾತು ನಿಜವಾಗಿದ್ದರೆ ಅದನ್ನು ಕಾಪಾಡುವುದರಲ್ಲಿ ತಪ್ಪಿಲ್ಲ. ಅದಕ್ಕೆ ಬಾವುಟ ಸಿಕ್ಕಿಸಿದೊಡನೆ ಗೋರಿಯೂ ಪ್ರತಿಮೆಯಾಗಿಬಿಡುತ್ತದೆ.

ಆ ತಾಯಿಯ ಬಳಿ ಮನೆತನದ ಹೆಸರುಗಳನ್ನು ಬರೆದಿಡುವ ಒಂದು ದಪ್ಪ ಪುಸ್ತಕವಿತ್ತು. ಅಣ್ಣನ ಹೆಸರಿನ ಮುಂದೆ ಗೆಟಿಸ್‌ಬರ್ಗ್ ಎಂದು ಇದ್ದುದನ್ನು ಹೊಡೆದು, ಎಲ್ಮೈರಾ, ನ್ಯುಮೋನಿಯಾ ಎಂದು ಬರೆದರು. ಹೂಳಿದವನು ಜಾನ್ ಡಬ್ಲ್ಯೂ. ಜೋನ್ಸ್ ಎಂದೂ ಸೇರಿಸಿದರು. ಅದೇ ಪುಟದಲ್ಲಿ, ತಂದೆಯ ಹೆಸರಿನ ಕೆಳಗೆ, ಆ ಮೂರು ವಯಸ್ಸುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರಿಗೆ ಒಂದು ಹೆಸರು ಹಿಡಿಯುವಷ್ಟು ಜಾಗವನ್ನು ಖಾಲಿ ಬಿಟ್ಟರು.